ಸೋಮನಾಥಪುರದಲ್ಲಿ ಎಂಟು ಹಾಳೆ ಫಿಲ್ಮ್

ಸೋಮನಾಥಪುರದ ಕೇಶವ ದೇವಾಲಯದ ಚಿತ್ರಗಳನ್ನು ಎಷ್ಟೋ ಸಲ ತೆಗೆದಿದ್ದೆ. ಎಲ್ಲದರಲ್ಲೂ ಒಂದೇ ತೊಂದರೆ. ಶಿಖರ ಪೂರ್ತಿ ಬರಲಿ ಎಂದು ಕ್ಯಾಮೆರಾ ಮೇಲಕ್ಕೆ ಬಾಗಿಸುತ್ತಿದ್ದೆ, ಗುಡಿ ಹಿಂದಕ್ಕೆ ವಾಲಿದಂತೆ ಬರುತ್ತಿತ್ತು. 1258ರಿಂದ ನೆಟ್ಟಗೆ ನಿಂತಿರುವ ಗೋಡೆಯನ್ನು ನಾನು ಯಾಕೆ ಬೀಳಿಸಬೇಕು? ಅದಕ್ಕೇ ಈ ಸಲ 4×5 ಇಂಚಿನ ಫಿಲ್ಮ್ ಹಾಳೆ ಹಾಕುವ ಮರದ ಕ್ಯಾಮೆರಾ ಹೊತ್ತುಕೊಂಡು ಹೋದೆ. ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಅದನ್ನು ಮೊದಲೇ ಪಡೆದಿದ್ದೆ. ಹಾಳೆಗೆ ಬೆಳಕು ತಾಗದಂತೆ ಇಡುವ ನಾಲ್ಕು ಹೋಲ್ಡರ್, ಒಂದೊಂದರಲ್ಲಿ ಎರಡು ಹಾಳೆ. ಒಟ್ಟು ಎಂಟೇ ಚಿತ್ರ.

ಹೋಗಿದ್ದು ಡಿಸೆಂಬರ್‌ನಲ್ಲಿ, ಬೇಕೆಂದೇ. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟುವುದರಿಂದ ಬೆಳಗಿನ ಬಿಸಿಲು ದಕ್ಷಿಣದ ಗೋಡೆಯನ್ನು ಸವರಿಕೊಂಡು ಹೋಗುತ್ತದೆ. ಬಳಪದ ಕಲ್ಲಿನ ಆನೆ ಸಾಲು, ಕುದುರೆ ಸಾಲು, ಬಳ್ಳಿ ಎಲ್ಲ ಎದ್ದು ಕಾಣುವುದು ಆ ಓರೆ ಬಿಸಿಲಿನಲ್ಲೇ. ಆದರೆ ಸೂರ್ಯ ಮೊದಲು ಪ್ರಾಕಾರ ದಾಟಿ ಮೇಲೆ ಬರಬೇಕು. ಕಾದೆ.

ಕೈಸಾಲೆಗೆ ಬೆನ್ನು ತಾಗುವಷ್ಟು ಹಿಂದೆ ಸರಿದರೂ ಜಾಗ ಸಾಲದು. ಹಾಗಾಗಿ 90 ಎಂಎಂ ಲೆನ್ಸ್ ಹಾಕಿದೆ, ಇಷ್ಟು ದೊಡ್ಡ ಫಿಲ್ಮ್‌ಗೆ ಅದು ಅಗಲ ನೋಟದ ಲೆನ್ಸ್. ಕ್ಯಾಮೆರಾದ ಹಿಂಭಾಗಕ್ಕೆ ಗಾರೆ ಕೆಲಸದವರ ಪುಟ್ಟ ರಸಮಟ್ಟ ಹಿಡಿದು, ನೆಲಕ್ಕೆ ಸರಿಯಾಗಿ ಲಂಬವಾಗಿ ನಿಲ್ಲಿಸಿದೆ. ಇಡೀ ಕೆಲಸದ ಜೀವಾಳ ಇದೇ. ಫಿಲ್ಮ್ ನೆಟ್ಟಗಿದ್ದರೆ ಗೋಡೆಯೂ ನೆಟ್ಟಗೆ ಬರುತ್ತದೆ.

ಕಪ್ಪು ಬಟ್ಟೆ ಹೊದ್ದು ನೋಡಿದರೆ ಮಬ್ಬು ಗಾಜಿನ ಮೇಲೆ ಗುಡಿ ತಲೆಕೆಳಗಾಗಿ ಕಂಡಿತು. ಅರ್ಧದ ಹತ್ತಿರ ಬರೀ ಅಂಗಳ, ಶಿಖರ ಇಲ್ಲವೇ ಇಲ್ಲ. ಕ್ಯಾಮೆರಾ ಬಾಗಿಸದೆ ಲೆನ್ಸ್ ಹಲಗೆಯನ್ನಷ್ಟೇ ಮೆಲ್ಲಗೆ ಮೇಲೆತ್ತಿದೆ. ಗಾಜಿನ ಕೆಳ ಅಂಚಿನಿಂದ ಶಿಖರದ ತುದಿ ಒಳಗೆ ಬಂತು. ಸುಮಾರು 25 ಮಿಲಿಮೀಟರ್ ಎತ್ತಿದೆ, ಅಷ್ಟೇ. ಇನ್ನೂ ಜಾಸ್ತಿ ಎತ್ತಿದರೆ ಮೂಲೆಗಳು ಕಪ್ಪಾಗುತ್ತವೆ. ಹಾಗಾಗಿ ಗಾಜಿನ ಕತ್ತರಿಸಿದ ಮೂಲೆಗಳಿಂದ ಇಣುಕಿ ಲೆನ್ಸ್ ಪೂರ್ತಿ ಕಾಣುತ್ತದೆಯೇ ಎಂದು ನೋಡಿಕೊಂಡೆ.

ಆಮೇಲೆ ಆದದ್ದು ಇನ್ನೂ ನೋಯುತ್ತದೆ. ಫೋಕಸ್‌ಗೆಂದು ತೆರೆದಿದ್ದ ಶಟರ್ ಮುಚ್ಚದೆಯೇ ಹೋಲ್ಡರ್‌ನಲ್ಲಿ ಹಾಳೆಯನ್ನು ಮುಚ್ಚಿಡುವ ಸ್ಲೈಡ್ ಎಳೆದುಬಿಟ್ಟೆ. ಮೊದಲ ಹಾಳೆ ಹೋಯಿತು. ಈಗ ಶಟರ್ ಮುಚ್ಚುವುದು, ಅಪರ್ಚರ್ (ಲೆನ್ಸ್‌ನ ಕಿಂಡಿ) ಕಿರಿದು ಮಾಡುವುದು, ಶಟರ್ ಬಿಗಿಯುವುದು, ಸ್ಲೈಡ್ ಎಳೆಯುವುದು, ಇಷ್ಟನ್ನೂ ಬಾಯಿಬಿಟ್ಟು ಹೇಳಿಕೊಂಡೇ ಮಾಡುತ್ತೇನೆ. ಪುಣ್ಯಕ್ಕೆ ಬಿಸಿಲು ಇನ್ನೂ ಓರೆಯಾಗಿತ್ತು. ಸ್ಪಾಟ್ ಮೀಟರ್‌ನಲ್ಲಿ ಕೆತ್ತನೆಯ ಸಂದಿನ ನೆರಳನ್ನು ಅಳೆದು, ಮೀಟರ್ ಹೇಳಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ, ಅಂದರೆ ಕಾಲು ಭಾಗ ಬೆಳಕಷ್ಟೇ ಕೊಟ್ಟೆ. ಅಳತೆ ಹೇಳಿದಷ್ಟೇ ಕೊಟ್ಟರೆ ನೆರಳು ಬೂದಿ ಬಣ್ಣಕ್ಕೆ ತಿರುಗುತ್ತದೆ ಅಲ್ವಾ?

ನವರಂಗದ ಒಳಗೆ ಕತ್ತಲು. ಎಫ್/22ರಷ್ಟು ಕಿರಿದಾದ ಅಪರ್ಚರ್‌ಗೆ ಮೀಟರ್ 20 ಸೆಕೆಂಡ್ ತೋರಿಸಿತು. ಇಷ್ಟು ಹೊತ್ತು ತೆರೆದಿಟ್ಟಾಗ ಫಿಲ್ಮ್ ಚುರುಕು ಕಳೆದುಕೊಳ್ಳುತ್ತದೆ. ನಾನು ಹಾಕಿದ್ದ ಇಲ್‌ಫರ್ಡ್ ಎಫ್‌ಪಿ4 ಪ್ಲಸ್ ಫಿಲ್ಮ್‌ಗೆ ಕಂಪನಿಯೇ ಕೊಟ್ಟಿರುವ ಲೆಕ್ಕದಲ್ಲಿ ಅದು 44 ಸೆಕೆಂಡ್ ಆಗುತ್ತದೆ. ಕೇಬಲ್ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಎಣಿಸಿದೆ. ನಡುವೆ ಒಂದು ಕುಟುಂಬ ಒಳಗೆ ಬಂದು ಹಾಗೇ ದಾಟಿಹೋಯಿತು. ನಿಲ್ಲದೆ ನಡೆದಿದ್ದರಿಂದ ಫಿಲ್ಮ್‌ನಲ್ಲಿ ಅವರ ಗುರುತೇ ಇಲ್ಲ.

ಮನೆಯ ಬಚ್ಚಲಲ್ಲಿ, ಐಸ್ ಹಾಕಿ ನೀರನ್ನು 20 ಡಿಗ್ರಿಗೆ ಇಳಿಸಿ, ಟ್ರೇಗಳಲ್ಲಿ ತೊಳೆದೆ. ದಕ್ಷಿಣ ಗೋಡೆಯ ನೆಗೆಟಿವ್ ಒಣಗಿದ ಮೇಲೆ ಕಿಟಕಿಗೆ ಹಿಡಿದು ಅದರ ಅಂಚಿಗೆ ಸ್ಕೇಲ್ ಇಟ್ಟೆ. ಗೋಡೆಯ ಮೂಲೆ ಗೆರೆ ಅದಕ್ಕೆ ಕೂದಲೆಳೆಯಷ್ಟೂ ಓರೆಯಾಗಿರಲಿಲ್ಲ. ಆಮೇಲೆ ಭೂತಗನ್ನಡಿ ತೆಗೆದುಕೊಂಡು ಆನೆ ಸಾಲನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ನೋಡುತ್ತಾ ಕೂತೆ.