ಗಂಡಸಿನ ಪಾದಕ್ಕೆ ಹೈ ಹೀಲ್ಸ್: ನನ್ನ ಅನುಭವ

ಜನ ಏನೆನ್ನುತ್ತಾರೆ ಎಂಬುದು ಆಮೇಲಿನ ಮಾತು. ಹೈ ಹೀಲ್ಸ್ ತೊಡಬೇಕೆಂದು ಹೊರಟ ಗಂಡಸಿಗೆ ಮೊದಲು ಅಡ್ಡ ಬರುವುದು ಅಳತೆ. ಹೆಸರಾಂತ ವಿನ್ಯಾಸಕರ ಮಹಿಳಾ ಶೂಗಳು ಹೆಚ್ಚಾಗಿ ಯುರೋಪಿನ ಅಳತೆಯಲ್ಲಿ 41 ಅಥವಾ 42ಕ್ಕೆ ಮುಗಿದುಹೋಗುತ್ತವೆ. ನನ್ನ ಪಾದ 42ರೊಳಗೆ ಹಿಡಿಸುತ್ತದೆ. ಆ ಮಟ್ಟಿಗೆ ನಾನು ಅದೃಷ್ಟವಂತ. ಈ ಪದ್ಧತಿಯಲ್ಲಿ ಒಂದು ಅಳತೆಗೂ ಮುಂದಿನದಕ್ಕೂ ಇರುವ ಅಂತರ ಏಳು ಮಿಲಿಮೀಟರಿಗಿಂತ ತುಸು ಕಡಿಮೆ. ಆದರೆ ಅದು ಉದ್ದದ ಲೆಕ್ಕ. ನಮ್ಮ ತಾಪತ್ರಯ ಇರುವುದು ಅಗಲದಲ್ಲಿ. ಗಂಡಸಿನ ಪಾದ ಬೆರಳುಗಳ ಬುಡದಲ್ಲಿ ಹರಡಿಕೊಂಡಿರುತ್ತದೆ, ಮೇಲ್ಭಾಗ ಉಬ್ಬಿರುತ್ತದೆ, ಹಿಮ್ಮಡಿಯೂ ದಪ್ಪ. ಹೆಂಗಸರ ಪಾದದ ಅಚ್ಚಿನ ಮೇಲೆ ಕಟ್ಟಿದ ಶೂ ಇದಕ್ಕೆಲ್ಲ ಜಾಗ ಬಿಟ್ಟಿರುವುದಿಲ್ಲ.

ದೊಡ್ಡ ಅಳತೆ ಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಎತ್ತರದ ಹೀಲ್ಸ್‌ನಲ್ಲಿ ಆ ಉಪಾಯ ನಡೆಯುವುದಿಲ್ಲ. ಒಳಗಿನ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಬೆರಳುಗಳೆಲ್ಲ ತುದಿಯಲ್ಲಿ ಒತ್ತರಿಸಿಕೊಳ್ಳುತ್ತವೆ; ಹಿಂದೆ ಹಿಮ್ಮಡಿ ಹೆಜ್ಜೆಹೆಜ್ಜೆಗೂ ಕಳಚಿಕೊಳ್ಳುತ್ತದೆ. ಆದ್ದರಿಂದ ಉದ್ದ ಸರಿಯಾಗಿಯೇ ಇರಲಿ, ಅಗಲಕ್ಕೆ ವಿನ್ಯಾಸದಲ್ಲಿ ದಾರಿ ಹುಡುಕಬೇಕು. ಹಿಂಬದಿಯಲ್ಲಿ ಪಟ್ಟಿಯಷ್ಟೇ ಇರುವ ಸ್ಲಿಂಗ್‌ಬ್ಯಾಕ್, ಪಾದದ ಗಂಟಿಗೆ ಬಕಲ್ ಹಾಕುವ ಶೂ, ಬೆರಳು ತೆರೆದಿರುವ ಸ್ಯಾಂಡಲ್ ನನಗೆ ಒಗ್ಗಿವೆ. ಸ್ವೀಡ್ ಎಂಬ ಮಖಮಲಿನಂಥ ಚರ್ಮ ಮತ್ತು ಮೃದುವಾದ ಮೇಕೆ ಚರ್ಮ ತೊಟ್ಟಷ್ಟೂ ಹಿಗ್ಗಿ ಪಾದದ ಆಕಾರಕ್ಕೆ ಬರುತ್ತವೆ. ಪೇಟೆಂಟ್ ಲೆದರ್ ಹಾಗಲ್ಲ, ಮೇಲಿನ ಹೊಳಪಿನ ಲೇಪ ಅದನ್ನು ಸುಲಭವಾಗಿ ಹಿಗ್ಗಲು ಬಿಡುವುದಿಲ್ಲ. ಅಂಗಡಿಯಲ್ಲಿ ಕಚ್ಚಿದ ಪೇಟೆಂಟ್ ಶೂ ಮನೆಗೆ ಬಂದ ಮೇಲೂ ಕಚ್ಚುತ್ತದೆ, ಎಷ್ಟೇ ಹಣ ಕೊಟ್ಟಿರಿ.

ಹಾಕಿ ನೋಡದೆ ಕೊಳ್ಳಬಾರದು ಎಂದರೆ ಅಂಗಡಿಯಲ್ಲಿ ಬಾಯಿ ಬಿಡಲೇಬೇಕಾಗುತ್ತದೆ. ಉಡುಗೊರೆಗೆ ಎಂದು ಸುಳ್ಳು ಹೇಳಿದರೆ ಕಾಲಿಗೆ ಹಾಕಿ ನೋಡುವ ಅವಕಾಶ ಅಲ್ಲಿಗೇ ತಪ್ಪಿತು. "ಮೇಡಂ ಜೊತೆಗೆ ಬಂದಿಲ್ಲವೇ ಸರ್?" ಎಂದು ಕೇಳುತ್ತಾರೆ. "ಇದು ನನಗೇ, 42 ಇದೆಯೇ?" ಎನ್ನುತ್ತೇನೆ. ಒಂದು ಕ್ಷಣ ಮುಖ ನೋಡಿ ಒಳಗೆ ಹೋಗಿ ಡಬ್ಬ ತರುತ್ತಾರೆ. ದುಬಾರಿ ಶೂ ಮಾರುವವರಿಗೆ ಗಿರಾಕಿ ಗಂಡಸೋ ಹೆಂಗಸೋ ಎನ್ನುವುದಕ್ಕಿಂತ ಕೊಳ್ಳುತ್ತಾನೋ ಇಲ್ಲವೋ ಎನ್ನುವುದು ಮುಖ್ಯ. ಇದು ನನಗೆ ನೆಮ್ಮದಿ ತಂದ ವಿಚಾರ. ಹೋಗುವುದು ಸಂಜೆಯಾದರೆ ಒಳ್ಳೆಯದು. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಆಗ ಹಿಡಿಸಿದ್ದು ಯಾವಾಗಲೂ ಹಿಡಿಸುತ್ತದೆ.

ಕೈಗೆ ಬಂದ ಶೂವನ್ನು ಮೊದಲು ಸಮತಟ್ಟಾದ ಜಾಗದಲ್ಲಿಟ್ಟು ಹಿಂದಿನಿಂದ ನೋಡುತ್ತೇನೆ. ಹಿಮ್ಮಡಿಯ ಕಂಬ ನೆಟ್ಟಗಿರಬೇಕು, ಬೆರಳಿನಿಂದ ತಟ್ಟಿದರೆ ಶೂ ಅಲುಗಾಡಬಾರದು. ಸ್ಟಿಲೆಟೊ ಎಂಬ ಚೂಪು ಹಿಮ್ಮಡಿ ಪೆನ್ಸಿಲಿನಷ್ಟು ತೆಳ್ಳಗಿದ್ದೂ ಆಳು ಭಾರ ಹೊರುವುದಕ್ಕೆ ಕಾರಣ ಅದರೊಳಗಿನ ಉಕ್ಕಿನ ಸಲಾಕೆ. 1950ರ ದಶಕದಲ್ಲಿ ಈ ಶೈಲಿ ಹಬ್ಬಿದ್ದೇ ಅದರ ಬಲದಿಂದ. ಪಾದದ ಕಮಾನಿನ ಕೆಳಗೆ, ಅಟ್ಟೆಯ ಎರಡು ಪದರಗಳ ನಡುವೆ ಇನ್ನೊಂದು ಉಕ್ಕಿನ ಪಟ್ಟಿ ಇರುತ್ತದೆ. ಇದು ಸಡಿಲವಿದ್ದರೆ ಎದ್ದು ನಿಂತೊಡನೆ ಹಿಮ್ಮಡಿ ಹಿಂದಕ್ಕೋ ಮುಂದಕ್ಕೋ ವಾಲುತ್ತದೆ. ಸರಾಸರಿ ಗಂಡಸಿನ ತೂಕ ಹೆಚ್ಚು, ಆದ್ದರಿಂದ ಈ ಪರೀಕ್ಷೆಯನ್ನು ನಾವು ಬಿಡುವ ಹಾಗಿಲ್ಲ. ಅಗ್ಗದ ಹೀಲ್ಸ್‌ಗಿಂತ ದುಬಾರಿಯದಕ್ಕೆ ನಾನು ಮನಸೋತದ್ದು ಇಲ್ಲಿಯೇ. ಒಳ್ಳೆಯ ಶೂ ಸೇತುವೆಯ ಹಾಗೆ, ಭಾರ ಎಲ್ಲಿಂದ ಎಲ್ಲಿಗೆ ಇಳಿಯಬೇಕೆಂದು ಲೆಕ್ಕ ಹಾಕಿ ಕಟ್ಟಿದ್ದು. ಹಾಗೆಂದು ಬೆಲೆ ಹೆಚ್ಚಿದಷ್ಟೂ ಸುಖ ಹೆಚ್ಚುತ್ತದೆ ಎಂದುಕೊಳ್ಳಬೇಡಿ. 120 ಮಿಲಿಮೀಟರಿನ ಹೀಲ್ಸ್ ಯಾರು ಮಾಡಿದರೂ 120 ಮಿಲಿಮೀಟರೇ.

ಎತ್ತರದ ಲೆಕ್ಕದಲ್ಲಿ ನಮಗೊಂದು ಅನುಕೂಲವೂ ಇದೆ. ಹಿಮ್ಮಡಿಯ ಎತ್ತರ ಒಂದೇ ಆಗಿದ್ದರೆ 36ರ ಪಾದಕ್ಕಿಂತ 42ರ ಪಾದದ ಕೆಳಗೆ ಇಳಿಜಾರು ಕಡಿಮೆ. ಪುಟ್ಟ ಪಾದದವರಿಗೆ ಕಡಿದಾಗಿ ಕಾಣುವ 100 ಮಿಲಿಮೀಟರ್ ನನಗೆ ಅಷ್ಟೇನೂ ಕಷ್ಟವಲ್ಲ. ಮುಂಭಾಗದಲ್ಲಿ ಪ್ಲಾಟ್‌ಫಾರ್ಮ್ (ದಪ್ಪ ಅಟ್ಟೆ) ಇದ್ದರೆ ಅದರ ಎತ್ತರವನ್ನು ಕಳೆದು ನೋಡಬೇಕು: 140ರ ಹಿಮ್ಮಡಿಗೆ 25ರ ಪ್ಲಾಟ್‌ಫಾರ್ಮ್ ಇದ್ದರೆ ಪಾದಕ್ಕೆ ತಾಗುವುದು 115 ಮಾತ್ರ. ಆದರೆ ದಪ್ಪ ಅಟ್ಟೆಯಲ್ಲಿ ನೆಲ ಪಾದಕ್ಕೆ ತಿಳಿಯುವುದಿಲ್ಲ, ಕಾಲು ಹೊರಳಿದರೆ ಬೀಳುವ ಎತ್ತರವೂ ಹೆಚ್ಚು. ನನಗೆ ಪ್ಲಾಟ್‌ಫಾರ್ಮ್ ಇಷ್ಟವಿಲ್ಲ.

ನಡಿಗೆಯನ್ನು 60 ಮಿಲಿಮೀಟರಿನ ಅಗಲ ಹಿಮ್ಮಡಿಯಿಂದ ಶುರುಮಾಡಿದೆ. ಹೆಜ್ಜೆ ಚಿಕ್ಕದಾಗಬೇಕು, ಮೊಣಕಾಲು ಬಗ್ಗಿಸಿಕೊಂಡೇ ನಡೆಯಬಾರದು, ನೋಟ ನೆಲದ ಮೇಲಲ್ಲ, ಎದುರಿಗಿರಬೇಕು. ಮೆಟ್ಟಿಲು ಇಳಿಯುವಾಗ ಕಟಕಟೆ ಹಿಡಿದು ಪಾದವನ್ನು ಸ್ವಲ್ಪ ಓರೆಯಾಗಿಡುತ್ತೇನೆ, ಇದರಲ್ಲಿ ನಾಚಿಕೆಯೇನಿಲ್ಲ. ಹೀಲ್ಸ್ ಬಿಚ್ಚಿದ ಮೇಲೆ ಗೋಡೆಗೆ ಕೈ ಕೊಟ್ಟು ಮೀನಖಂಡವನ್ನು ಎಳೆದು ಸಡಿಲಗೊಳಿಸುವುದನ್ನು ಮಾತ್ರ ತಪ್ಪಿಸುವುದಿಲ್ಲ. ವರ್ಷಗಟ್ಟಲೆ ದಿನನಿತ್ಯ ಹೀಲ್ಸ್ ತೊಟ್ಟ ಹೆಂಗಸರಲ್ಲಿ ಮೀನಖಂಡದ ಸ್ನಾಯುವಿನ ಎಳೆಗಳು ಗಿಡ್ಡವಾಗಿ, ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಬಿಗಿಯಾಗಿರುವುದನ್ನು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಗಂಡಸಿನ ಸ್ನಾಯು ಬೇರೆ ರೀತಿ ವರ್ತಿಸಬೇಕಾದ ಕಾರಣವಿಲ್ಲ. ಹಾಗಾಗಿ ದಿನವೂ ತೊಡುವುದಿಲ್ಲ.

ತೊಡುವುದು ಮಾಮೂಲಿ ಪ್ಯಾಂಟು ಶರಟಿನ ಜೊತೆಗೇ. ನನಗೆ ಹೆಣ್ಣಿನಂತೆ ಕಾಣುವ ಆಸೆಯಿಲ್ಲ. ಆ ಆಸೆ ಇರುವವರ ಬಗ್ಗೆ ತಕರಾರೂ ಇಲ್ಲ. ಪಾದದ ಗಂಟಿನ ಮೇಲೆ ನಿಲ್ಲುವ ಕಿರಿದಾದ ಪ್ಯಾಂಟು ಹೀಲ್ಸ್ ಕಾಣುವಂತೆ ಮಾಡುತ್ತದೆ, ಅಗಲ ಕಾಲಿನ ಉದ್ದ ಪ್ಯಾಂಟು ತುದಿಯಷ್ಟನ್ನೇ ಬಿಟ್ಟು ಉಳಿದದ್ದನ್ನು ಮುಚ್ಚುತ್ತದೆ. ಧೈರ್ಯ ಕಡಿಮೆಯಿದ್ದ ದಿನಗಳಲ್ಲಿ ಎರಡನೆಯದು ಒದಗಿಬಂದಿದೆ. "ಗಂಡಸಾಗಿ ಇದೇನಿದು" ಎಂದು ಕೇಳುವವರಿಗೆ ಹದಿನಾಲ್ಕನೇ ಲೂಯಿಯ ಚಿತ್ರ ತೋರಿಸುತ್ತೇನೆ. ಹಯಸಿಂತ್ ರಿಗೊ 1701ರಲ್ಲಿ ಬರೆದ ಆ ಚಿತ್ರದಲ್ಲಿ ಫ್ರಾನ್ಸಿನ ದೊರೆ ಬಿಳಿ ಶೂಗಳ ಕೆಂಪು ಹಿಮ್ಮಡಿ ಕಾಣುವಂತೆ ಕಾಲು ಮುಂದಿಟ್ಟು ನಿಂತಿದ್ದಾನೆ. ಅದಕ್ಕೂ ಮೊದಲು ಪರ್ಷಿಯಾದ ಕುದುರೆ ಸವಾರರು ರಿಕಾಪಿನಲ್ಲಿ ಕಾಲು ಗಟ್ಟಿಯಾಗಿ ನಿಲ್ಲಲೆಂದು ಹಿಮ್ಮಡಿಯ ಪಾದರಕ್ಷೆ ತೊಡುತ್ತಿದ್ದರು. ಯುರೋಪಿನ ಸಿರಿವಂತ ಗಂಡಸರು ಹೀಲ್ಸ್ ಹಿಡಿದದ್ದು ಅವರನ್ನು ನೋಡಿ. ಟೊರಾಂಟೊದ ಬಾಟಾ ಶೂ ಮ್ಯೂಸಿಯಂ 2015ರಲ್ಲಿ ಈ ಕುರಿತೇ ಒಂದು ಪ್ರದರ್ಶನ ಏರ್ಪಡಿಸಿತ್ತು. ಇಷ್ಟು ಹೇಳಿದ ಮೇಲೆ ಸಾಮಾನ್ಯವಾಗಿ ಮಾತು ಬೇರೆಡೆಗೆ ತಿರುಗುತ್ತದೆ.

ಇನ್ನು ಒಡೆತನದ ಸುಖ. ಫ್ರೆಂಚ್ ವಿನ್ಯಾಸಕ ಕ್ರಿಸ್ಟಿಯನ್ ಲೂಬುಟಾನ್ ಶೂವಿನ ಕೆಂಪು ಅಟ್ಟೆಯನ್ನು ಯಾರಿಗೂ ಪರಿಚಯಿಸಬೇಕಿಲ್ಲ. 2012ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಶೂವಿನ ಮೇಲ್ಭಾಗ ಬೇರೆ ಬಣ್ಣದ್ದಾಗಿದ್ದರೆ ಆ ಕೆಂಪು ಅಟ್ಟೆ ಅವರದೇ ಗುರುತು ಎಂದು ಒಪ್ಪಿತು. ಆ ಕೆಂಪು ತೆಳುವಾದ ಬಣ್ಣದ ಪದರವಷ್ಟೇ. ಒರಟು ನೆಲದ ಮೇಲೆ ಸ್ವಲ್ಪ ದೂರ ನಡೆದರೆ ಪಾದದ ಮುಂಭಾಗ ಊರುವ ಕಡೆ ಗೀರುಗಳು ಮೂಡಿ, ಒಳಗಿನ ಚರ್ಮದ ಮಾಸಲು ಕಂದು ಇಣುಕುತ್ತದೆ. ಕಮಾನಿನ ಕೆಳಗೆ ಮಾತ್ರ ಕೆಂಪು ಕನ್ನಡಿಯಂತೆ ಉಳಿಯುತ್ತದೆ. ಕೆಲವರು ಅದನ್ನು ಹಾಗೆಯೇ ಬಿಡುತ್ತಾರೆ. ನಾನು ರಿಪೇರಿಯವರಲ್ಲಿ ತೆಳುವಾದ ಕೆಂಪು ರಬ್ಬರ್ ಅಂಟಿಸಿಕೊಂಡೇ ಹೊರಗೆ ಕಾಲಿಡುತ್ತೇನೆ. ನುಣುಪಾದ ಚರ್ಮದ ಅಟ್ಟೆ ನಯವಾದ ನೆಲದಲ್ಲಿ ಜಾರುತ್ತದೆ. ಅಟ್ಟೆಯ ಚೆಂದಕ್ಕಿಂತ ಸೊಂಟದ ಮೂಳೆ ದೊಡ್ಡದು. ಹಿಮ್ಮಡಿಯ ತುದಿಯಲ್ಲಿರುವ ಕಿರುಬೆರಳಿನ ಉಗುರಿನಷ್ಟು ಬಿಲ್ಲೆಯ ಮೇಲೂ ಕಣ್ಣಿಡಬೇಕು. ಟಕ್ ಎನ್ನುವ ಸದ್ದು ಕರಕರ ಎಂದು ಬದಲಾದರೆ ಬಿಲ್ಲೆ ಸವೆದು ಮೊಳೆ ನೆಲಕ್ಕೆ ತಾಗಿದೆ ಎಂದು ಅರ್ಥ. ಅದೇ ದಿನ ಬದಲಿಸದಿದ್ದರೆ ಕಂಬದ ಚರ್ಮವೇ ಸುಲಿದುಹೋಗುತ್ತದೆ.

ಈಗ ಅಳತೆಗೆ ಮಾಡಿಸುವ ಹಾದಿಯಲ್ಲಿದ್ದೇನೆ. ಕುಶಲಕರ್ಮಿಯೊಬ್ಬರು ನನ್ನ ಪಾದದ ಅಚ್ಚು ತೆಗೆದುಕೊಂಡಿದ್ದಾರೆ. ಕಪ್ಪು ಸ್ವೀಡ್, ಮೊನಚು ತುದಿ, 95 ಮಿಲಿಮೀಟರ್. ಹಿಮ್ಮಡಿ ಕೂರುವ ಜಾಗ ಅಗಲ, ಉಕ್ಕಿನ ಪಟ್ಟಿ ಸಾಮಾನ್ಯಕ್ಕಿಂತ ದಪ್ಪ. ಅಟ್ಟೆಗೆ ಯಾವ ಬಣ್ಣ ಎಂದು ಅವರು ಕೇಳಿದರು. ಹಸಿರು ಎಂದಿದ್ದೇನೆ.