ಬಾಂಗಡಾ (ಬಂಗುಡೆ) ಮೀನು ಬಿಳುಚದ ಹಾಗೆ ಫೋಟೋ ತೆಗೆಯುವುದು ಹೇಗೆ?

ಬೆಳಗಾವಿಯ ಫೋಟೋ ಹವ್ಯಾಸಿಗಳ ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾನೂ ಇದ್ದೇನೆ. ಭಾನುವಾರ ಬಂತೆಂದರೆ ಮೀನು ಮಾರ್ಕೆಟ್ಟಿನ ಫೋಟೋಗಳು ಸಾಲಾಗಿ ಬರುತ್ತವೆ. ಹೆಚ್ಚಿನವು ಒಂದೇ ತರ. ಮೀನು ಇರಬೇಕಾದಲ್ಲಿ ಬಿಳಿ ಮಚ್ಚೆ, ಮಾರುವವರ ಮುಖ ನೀಲಿ, ಮೂಲೆಯಲ್ಲಿ ಯಾರೋ ಹಮಾಲನ ಅರ್ಧ ಬೆನ್ನು. ಕ್ಯಾಮೆರಾ ಮಾತ್ರ ಲಕ್ಷ ರೂಪಾಯಿದು! ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ದಿನ, ಹೊತ್ತು

ನಮ್ಮೂರಿಗೆ ಕಡಲಿಲ್ಲ. ಗೋವಾ, ಕಾರವಾರ, ಮಾಲವಣ, ವೆಂಗುರ್ಲಾ ಕಡೆಯ ಮೀನು ಘಾಟ್ ಹತ್ತಿ ಬರಬೇಕು. ಚೋರ್ಲಾದಲ್ಲೋ ಅಂಬೋಲಿಯಲ್ಲೋ ಒಂದು ಲಾರಿ ಕೆಟ್ಟು ನಿಂತರೆ ಇಲ್ಲಿ ಎಲ್ಲವೂ ತಡ. ಹಾಗಾಗಿ ಹಿಂದಿನ ದಿನವೇ ಹೋಗಿ ಮಾರುವವರನ್ನು ಕೇಳಿ: "ನಾಳೆ ಗಾಡಿ ಎಷ್ಟಕ್ಕ ಬರ್ತೈತ್ರಿ?" ಮೊಬೈಲ್ ನಕ್ಷೆಯಲ್ಲಿ ಕಾಣುವ ಸಮಯ ನಂಬಬೇಡಿ. ಅದು ಚಿಲ್ಲರೆ ಗಿರಾಕಿಗಳಿಗೆ, ಪೆಟ್ಟಿಗೆ ಇಳಿಯುವುದನ್ನು ನೋಡುವವರಿಗಲ್ಲ.

ಮೊದಲ ಸಲ ಭಾನುವಾರ ಬೇಡವೇ ಬೇಡ, ನಿಲ್ಲಲೂ ಜಾಗ ಸಿಗುವುದಿಲ್ಲ. ಬುಧವಾರ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದರ ಬೆನ್ನಿಗೇ ಶ್ರಾವಣ, ಗಿರಾಕಿಗಳೇ ಕಡಿಮೆ. ಆ ದಿನಗಳಲ್ಲಿ ಹೋಗಿ "ಏನೂ ಇಲ್ಲ" ಎಂದು ಗೊಣಗಬೇಡಿ. ಬಾಗಲಕೋಟೆ, ವಿಜಯಪುರದವರಿಗೆ ಆಲಮಟ್ಟಿ ಹಿನ್ನೀರಿನ ದಂಡೆ ಹತ್ತಿರ. ಅಲ್ಲಿ ಕಟ್ಲಾ, ರೋಹು ಇಳಿಯುವುದು ಬಯಲಿನಲ್ಲಿ, ಬೆಳಕಿನ ತಲೆನೋವು ಅರ್ಧ ಕಡಿಮೆ.

ಹಂತ 2: ಕಾಲಿಗೆ, ಹೆಗಲಿಗೆ

ಮಳೆಗಾಲದ ಪ್ಲಾಸ್ಟಿಕ್ ಶೂ ಹಾಕಿ, ಪ್ಯಾಂಟ್ ಮಡಚಿ. ಬೆನ್ನಿಗೆ ದೊಡ್ಡ ಬ್ಯಾಗ್ ಬೇಡ, ನೀವು ತಿರುಗಿದಾಗಲೆಲ್ಲ ಯಾರಿಗಾದರೂ ತಾಗುತ್ತದೆ.

ಹಂತ 3: ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ

ಇದನ್ನು ಯಾರೂ ಕೇಳುವುದಿಲ್ಲ. ಬಂದವರೇ ಮುಖಕ್ಕೆ ಲೆನ್ಸ್ ಹಿಡಿಯುತ್ತಾರೆ. ಸುಮ್ನೆ ಒಂದು ಚಹಾ ಕುಡಿಯುತ್ತ ನಿಲ್ಲಿ. ಹಮಾಲರು ಯಾವ ದಾರಿಯಲ್ಲಿ ಓಡಾಡುತ್ತಾರೆ, ನೀರು ಎಲ್ಲಿ ಸುರಿಯುತ್ತಾರೆ, ಲಿಲಾವು (ಹರಾಜು) ಯಾವ ಮೂಲೆಯಲ್ಲಿ ಎಂದು ನೋಡಿಕೊಳ್ಳಿ. ಆಮೇಲೆ ಕೇಳಿ. ನಮ್ಮಲ್ಲಿ ಮೀನು ಮಾರುವ ಹೆಂಗಸರಿಗೆ ಮಾವಶಿ (ಚಿಕ್ಕಮ್ಮ) ಎಂದರೆ ಸಾಕು, ಮುಖ ಸಡಿಲಾಗುತ್ತದೆ. ನಾನು ಮೊದಲ ಸಲ "ಮಾವಶಿ, ಒಂದ ಫೋಟೋ ತಗೀಲಿ?" ಎಂದಾಗ ಬಂದ ಉತ್ತರ: "ತಗೀರಿ, ಖರೆ ಮೊದಲ ಮೀನ ತಗೋರಿ." ಅರ್ಧ ಕಿಲೋ ಕೊಂಡೆ. ಅವತ್ತು ಒಂದು ಗಂಟೆ ಅವರ ಪಕ್ಕದಲ್ಲೇ ಕೂತು ಫೋಟೋ ತೆಗೆದೆ. ಬೇಡ ಅಂದರೆ ಬೇಡ, ದೂರದಿಂದ ಜೂಮ್ ಹಾಕಿ ಕದಿಯಬೇಡಿ.

ಹಂತ 4: ಬೆಳಕು (ಎಡವುವುದು ಇಲ್ಲೇ)

ಸೂರ್ಯ ಹುಟ್ಟುವ ಮೊದಲು ಅಲ್ಲಿರುವ ಬೆಳಕೆಂದರೆ ತಲೆ ಮೇಲೆ ತೂಗುವ ಎಲ್‌ಇಡಿ ಬಲ್ಬು. ಮೀನಿನ ಮೈ ಎಂದರೆ ಒದ್ದೆ ಕನ್ನಡಿ. ಸುತ್ತಲೂ ಕತ್ತಲೆ. ಕ್ಯಾಮೆರಾ ಆ ಕತ್ತಲೆ ನೋಡಿ ಬೆಳಕು ಏರಿಸುತ್ತದೆ, ಮೀನು ಬಿಳುಚುತ್ತದೆ. ಹೀಗೆ ಹೋದದ್ದು ಹೋಯಿತು. ಮನೆಗೆ ಬಂದು ಎಷ್ಟು ಎಡಿಟ್ ಮಾಡಿದರೂ ಬೂದಿ ಬಣ್ಣವೇ.

ನನ್ನ ಅಳತೆಗೋಲು ಬಾಂಗಡಾ. ತಾಜಾ ಬಾಂಗಡಾವನ್ನು ಹತ್ತಿರದಿಂದ ನೋಡಿ. ನೀಲಿ ಹಸಿರು ಬೆನ್ನು, ಅದರ ಕೆಳಗೆ ಉದ್ದುದ್ದ ಗೆರೆಗಳು. ಮೀನು ಹೊಸದಿದ್ದರೆ ಆ ಗೆರೆಗಳಲ್ಲಿ ಬಂಗಾರದ ಛಾಯೆ ಇರುತ್ತದೆ. ಪಕ್ಕದ ರೆಕ್ಕೆಯ ಹತ್ತಿರ ಒಂದು ಕಪ್ಪು ಚುಕ್ಕೆ. ಮೊಬೈಲ್ ಪರದೆಯಲ್ಲಿ ಮೀನಿನ ಹೊಳೆಯುವ ಜಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಬೆಳಕಿನ ಗುರುತು ಬಂದಾಗ ಅದನ್ನು ಕೆಳಗೆ ಎಳೆಯಿರಿ. ಆ ಬಂಗಾರದ ಗೆರೆ ಕಾಣುವವರೆಗೆ ಎಳೆಯಿರಿ, ಸುತ್ತಲಿನದು ಕಪ್ಪಾದರೆ ಆಗಲಿ. ದೊಡ್ಡ ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಶರ್ (ಫೋಟೋದ ಬೆಳಕು ಏರಿಸಿ ಇಳಿಸುವ ಸೆಟ್ಟಿಂಗ್) ಮೈನಸ್ 1ಕ್ಕೆ ಇಟ್ಟು ಶುರು ಮಾಡಿ. ಚೌಕಟ್ಟಿನ ತುಂಬ ಬರ್ಫವೇ ಇದ್ದರೆ ಮಾತ್ರ ಲೆಕ್ಕ ಉಲ್ಟಾ. ಅಷ್ಟು ಬಿಳುಪು ಕಂಡು ಕ್ಯಾಮೆರಾ ತಾನೇ ಕತ್ತಲು ಮಾಡುತ್ತದೆ, ಆಗ ಸ್ವಲ್ಪ ಏರಿಸಿ.

ಇನ್ನೊಂದು ಉಪಾಯಕ್ಕೆ ಯಾವ ಬಟನ್ನೂ ಬೇಡ. ಕ್ಯಾಮೆರಾ ಎತ್ತುವ ಮೊದಲು ತಲೆಯನ್ನು ಆಚೀಚೆ ಆಡಿಸಿ. ಬಲ್ಬಿನ ಹೊಳಪು ಮೀನಿನ ಮೈಮೇಲೆ ಜಾರಾಡುತ್ತದೆ. ಅದು ಬೆನ್ನು ಬಿಟ್ಟು ಹೊಟ್ಟೆಯ ಅಂಚಿಗೆ ಬಂದಾಗ ಅಲ್ಲೇ ನಿಲ್ಲಿ. ಫೋಕಸ್ ಕಣ್ಣಿಗೆ. ಉಬ್ಬಿ ತಿಳಿಯಾಗಿರುವ ಕಣ್ಣನ್ನೇ ಆರಿಸಿ, ಒಳಗೆ ಹೋಗಿ ಮಂಜಾದ ಕಣ್ಣು ಫೋಟೋಕ್ಕೂ ಬೇಡ, ಸಾರಿಗೂ ಬೇಡ.

ಫೋಟೋದಲ್ಲಿ ಪಟ್ಟೆಪಟ್ಟೆ ಬರುತ್ತದಾ? ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಬಲ್ಬು, ಹಳೇ ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಶಟರ್ ವೇಗ ಸೆಕೆಂಡಿನ 1/100 ಅಥವಾ 1/50ರಲ್ಲಿ ಇಡಿ, ಪಟ್ಟೆ ಹೋಗುತ್ತದೆ. ಮೀನು ಎಸೆಯುವ ಕೈ ಸ್ವಲ್ಪ ಮಸುಕಾಗುತ್ತದೆ, ನನಗಂತೂ ಅದೇ ಇಷ್ಟ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 3200ಕ್ಕೆ ಹೋದರೂ ಹೆದರಬೇಡಿ.

ನೀಲಿ ಮುಖಗಳಿಗೆ ಕಾರಣ ಮೇಲಿರುವ ತಾಡಪತ್ರಿ. ಬೆಳಗಾದ ಮೇಲೆ ಅದರಿಂದ ಸೋಸಿ ಬರುವ ನೀಲಿಯನ್ನು ಎಡಿಟ್‌ನಲ್ಲಿ ತೆಗೆಯುವುದು ಕಷ್ಟ. ತಾಡಪತ್ರಿಯ ಅಂಚಿನಲ್ಲಿ ಕೂತವರನ್ನು ಹುಡುಕಿ. ಬೆಳಗಾವಿಯಲ್ಲಿ ಸೂರ್ಯ ಜನವರಿಯಲ್ಲಿ 7 ದಾಟಿ ಹುಟ್ಟುತ್ತಾನೆ, ಮೇ ಕೊನೆಯಲ್ಲಿ 6ರ ಸುಮಾರಿಗೆ. ಅದಕ್ಕೆ ಮುಂಚಿನ ಇಪ್ಪತ್ತು ನಿಮಿಷ ಬಲ್ಬಿನ ಬೆಳಕೂ ಆಕಾಶದ ಬೆಳಕೂ ಸಮಸಮ. ನನ್ನ ಒಳ್ಳೆಯ ಫೋಟೋಗಳೆಲ್ಲ ಆ ಇಪ್ಪತ್ತು ನಿಮಿಷದವೇ.

ಫ್ಲ್ಯಾಶ್ ಹಾಕಬೇಡಿ. ಎದುರಿಗೆ ಈಳಿಗೆಯ ಮೇಲೆ ಮೀನು ಸೀಳುತ್ತಿರುವವರ ಬೆರಳು ಹೋದೀತು. ನೂರು ಇನ್ನೂರು ರೂಪಾಯಿಗೆ ಸಿಗುವ ಮೊಬೈಲಿನ ನೀರುರಕ್ಷಕ ಚೀಲವೂ ದಂಡ. ಅದರೊಳಗಿಂದ ತೆಗೆದದ್ದೆಲ್ಲ ಕಣ್ಣಿಗೆ ಪೊರೆ ಬಂದ ಹಾಗೆ. ಜೇಬಿನಲ್ಲಿ ಎರಡು ಒಣ ಬಟ್ಟೆ ಇಟ್ಟುಕೊಳ್ಳಿ, ಒಂದು ಕೈಗೆ, ಒಂದು ಲೆನ್ಸಿಗೆ. ಅದಲುಬದಲಾದರೆ ಮೀನಿನ ಲೋಳೆ ಲೆನ್ಸಿನ ಮೇಲೆ ಹರಡಿಕೊಂಡು ಮುಗಿಯಿತು ಕಥೆ.

ಹಂತ 5: ಲಿಲಾವು

ಕೂಗುವವರ ಪಕ್ಕದಲ್ಲಿ ನಿಲ್ಲಿ, ಎದುರಿಗಲ್ಲ. ಅವರಿಗೆ ಕೊಳ್ಳುವವರ ಮುಖ, ಸನ್ನೆ ಕಾಣಬೇಕು. ನಿಮಗೂ ಬೇಕಾದದ್ದು ಅದೇ ಅಲ್ವಾ? ಮಧ್ಯೆ "ಇದು ಯಾವ ಮೀನು?" ಎಂದು ಕೇಳುವುದು ಬೇಡ. ಕ್ರೇಟ್ ಹತ್ತಿ ನಿಲ್ಲುವುದಂತೂ ಬೇಡವೇ ಬೇಡ, ನಮ್ಮ ಗೆಳೆಯರೊಬ್ಬರು ಹತ್ತಿ ಸುರಮಯಿ ಮೀನಿನ ರಾಶಿಯ ಮೇಲೆ ಬಿದ್ದು ದಂಡ ಕಟ್ಟಿ ಬಂದರು.

ಹಂತ 6: ಮನೆಗೆ ಬಂದ ಮೇಲೆ

ಕೈಯ ವಾಸನೆಗೆ ನಿಂಬೆ ಅಥವಾ ಹುಣಸೆಹಣ್ಣು, ಹುಳಿಗೆ ಹೋಗುತ್ತದೆ. ಬಟ್ಟೆಯ ಕ್ಯಾಮೆರಾ ಪಟ್ಟಿಗೆ ಅದೂ ಸಾಲದು, ಸೋಪಿನಲ್ಲಿ ನೆನೆಸಿ.

ಆದರೆ ಎಲ್ಲಕ್ಕಿಂತ ಮೊದಲು ಮೀನನ್ನು ಫ್ರಿಜ್‌ನಲ್ಲಿಡಿ, ಫೋಟೋ ಆಮೇಲೆ ನೋಡಿ. ಬಾಂಗಡಾದಂಥ ಮೀನು ಬೆಚ್ಚಗೆ ಉಳಿದರೆ ಅದರಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ಕೊಡುವ ರಾಸಾಯನಿಕ ಹೆಚ್ಚುತ್ತದೆ. ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ತಿಂದವರ ಮೈ ಕೆಂಪಾಗಿ ತುರಿಕೆ, ತಲೆನೋವು ಶುರು. ಮಾವಶಿಯಿಂದ ತಂದ ಆ ಮೊದಲ ಅರ್ಧ ಕಿಲೋವನ್ನು ನಾನು ಅಡುಗೆಮನೆ ಕಟ್ಟೆಯ ಮೇಲಿಟ್ಟು, ಮಧ್ಯಾಹ್ನದವರೆಗೂ ಕಂಪ್ಯೂಟರ್ ಮುಂದೆ ಕೂತಿದ್ದೆ. ಅಷ್ಟೂ ಹಿತ್ತಲಿನ ತೆಂಗಿನ ಬುಡಕ್ಕೆ ಹೋಯಿತು.