ದೊಡ್ಡ ಡಾಬ್ಸೋನಿಯನ್ ಕನ್ನಡಿ ಹೊಂದಿಸುವವರಿಗೆ

12 ಇಂಚಿನ ಡಾಬ್ಸೋನಿಯನ್ (ಸರಳ ಪೀಠದ ಮೇಲೆ ತಿರುಗುವ, ಕನ್ನಡಿಗಳಿರುವ ದೂರದರ್ಶಕ) ಇಟ್ಟುಕೊಂಡವರಿಗೆ ಒಂದು ಮಾತು. ಮೇಲಿನ ಚಿಕ್ಕ ಕನ್ನಡಿಯ ಸ್ಕ್ರೂ ತಿರುಗಿಸುವಾಗ ಕೊಳವೆಯನ್ನು ಅಡ್ಡಕ್ಕೆ ಮಲಗಿಸಿ. ಅಲೆನ್ ಕೀ ಕೈಜಾರಿದರೂ ದೊಡ್ಡ ಕನ್ನಡಿ ಮೇಲೆ ಬೀಳಬಾರದು, ಅಲ್ವಾ? ಚಿಕ್ಕದು ಮೊದಲು, ದೊಡ್ಡದು ಆಮೇಲೆ.

ಕನ್ನಡಿ ಹೊಂದಿಸಲು ಲೇಸರ್ ಬಳಸುತ್ತೀರಾದರೆ ಅದನ್ನು ಫೋಕಸರ್‌ನಲ್ಲೇ (ಕಣ್ಣಿಡುವ ಮಸೂರ ಕೂರಿಸುವ ಜಾಗ) ಸುಮ್ನೆ ಒಂದು ಸುತ್ತು ತಿರುಗಿಸಿ. ಕೆಂಪು ಚುಕ್ಕೆ ದೊಡ್ಡ ಕನ್ನಡಿ ಮೇಲೆ ವೃತ್ತ ಬರೆದರೆ ಲೇಸರೇ ಸೊಟ್ಟಗಿರಬಹುದು. ಇದು ಗೊತ್ತಿಲ್ಲದೆ ನಾನು ಒಂದು ಒಳ್ಳೆಯ ಅಮಾವಾಸ್ಯೆ ರಾತ್ರಿಯನ್ನೇ ಕಳೆದುಕೊಂಡೆ.

ಕೊನೆಗೆ ಹೊಂದಿಕೆ ಸರಿಯಾಗಿದೆಯೇ ಎಂದು ನಕ್ಷತ್ರದಲ್ಲಿ ನೋಡಿ. ಧ್ರುವ ನಕ್ಷತ್ರ ಹೆಚ್ಚು ಕದಲುವುದಿಲ್ಲ ನಿಜ, ಆದರೆ ಬೆಂಗಳೂರಿನಲ್ಲಿ ಅದು ಸುಮಾರು 13 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ. ಅಲ್ಲಿ ಗಾಳಿಯ ಕದಡಾಟ ಜಾಸ್ತಿ. ಇನ್ನೂ ಮೇಲಿರುವ ನಕ್ಷತ್ರ ಹಿಡಿದು, ನಡುವಿಗೆ ತಂದು, ಫೋಕಸ್ ಸ್ವಲ್ಪ ತಪ್ಪಿಸಿ. ಆಗ ಕಾಣುವ ಬೆಳಕಿನ ಉಂಗುರಗಳು ಒಂದು ಪಕ್ಕಕ್ಕೆ ಒತ್ತಿಕೊಂಡಿದ್ದರೆ ದೊಡ್ಡ ಕನ್ನಡಿಯ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸಿ.